ಮಾರ್ಚ್ ಮ್ಯಾಡ್ನೆಸ್ ದುಡ್ಡು ಯಾರ ಪಾಲಿಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಮಾರ್ಚ್ ಮೂರನೇ ವಾರ ಬಂತೆಂದರೆ ಅಮೆರಿಕದಲ್ಲಿರುವ ನಮ್ಮವರ ವಾಟ್ಸಾಪ್ ಗುಂಪುಗಳಲ್ಲೂ ಬ್ರಾಕೆಟ್ ಮಾತು ಶುರುವಾಗುತ್ತದೆ. ಯಾವ ಕಾಲೇಜು ಯಾವುದನ್ನು ಸೋಲಿಸುತ್ತದೆ ಎಂದು ಟೂರ್ನಿಗೆ ಮೊದಲೇ ಊಹಿಸಿ ಬರೆದು ಕೊಡುವ ಆಟ ಅದು. ನಾನು ಪ್ರತಿ ವರ್ಷ ಬರೆದು ಕೊಡುತ್ತೇನೆ, ಎರಡನೇ ದಿನಕ್ಕೇ ಮಣ್ಣು ಮುಕ್ಕುತ್ತೇನೆ. ಸೋತ ಮೇಲೆ ಬೇರೆ ಕೆಲಸ ಇರುವುದಿಲ್ಲವಲ್ಲ, ಒಂದು ವರ್ಷ ಸುಮ್ನೆ ಟೂರ್ನಿಯ ದುಡ್ಡಿನ ಲೆಕ್ಕ ನೋಡಲು ಕೂತೆ. ಆಟಕ್ಕಿಂತ ಲೆಕ್ಕವೇ ಮಜವಾಗಿ ಕಂಡಿತು. ಆಮೇಲೆ ಸ್ನೇಹಿತರು, ನೆಂಟರು ಕೇಳಿದ ಪ್ರಶ್ನೆಗಳನ್ನೆಲ್ಲ ಇಲ್ಲಿ ಒಟ್ಟು ಹಾಕಿದ್ದೇನೆ. ಯೂನಿಟ್ ಲೆಕ್ಕದ ನಿಯಮಗಳೆಲ್ಲ 2025ರ ಟೂರ್ನಿಯವರೆಗೆ ಇದ್ದಂಥವು.

ಮೊದಲು ಇದು ಯಾವ ಟೂರ್ನಿ ಹೇಳಿ.

ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಸಂಸ್ಥೆ ಎನ್‌ಸಿಎಎ. ಅದರ ಮೇಲಿನ ದರ್ಜೆ ಡಿವಿಷನ್ 1. ಅಲ್ಲಿ 360ಕ್ಕೂ ಜಾಸ್ತಿ ಕಾಲೇಜುಗಳಿವೆ. ಪುರುಷರ ಬಾಸ್ಕೆಟ್‌ಬಾಲ್ ಟೂರ್ನಿ 1939ರಲ್ಲಿ ಎಂಟು ತಂಡಗಳಿಂದ ಶುರುವಾಯಿತು. 1985ರಲ್ಲಿ 64 ತಂಡಗಳಾದವು, 2011ರಲ್ಲಿ 68. ಸೋತರೆ ಮನೆಗೆ. ಎರಡನೇ ಅವಕಾಶ ಇಲ್ಲ. ಈ ಟೂರ್ನಿಗೆ ಜನ ಇಟ್ಟ ಹೆಸರು ಮಾರ್ಚ್ ಮ್ಯಾಡ್ನೆಸ್.

ದುಡ್ಡು ಬರುವುದು ಎಲ್ಲಿಂದ?

ಹೆಚ್ಚಿನದು ಟಿವಿಯಿಂದ. 2010ರಲ್ಲಿ ಸಿಬಿಎಸ್ ಮತ್ತು ಟರ್ನರ್ ಕಂಪನಿಗಳು ಸೇರಿ 14 ವರ್ಷಕ್ಕೆ 1,080 ಕೋಟಿ ಡಾಲರ್‌ಗೆ ಪ್ರಸಾರದ ಹಕ್ಕು ಕೊಂಡವು. 2016ರಲ್ಲಿ ಅದೇ ಒಪ್ಪಂದವನ್ನು ಇನ್ನೂ ಎಂಟು ವರ್ಷ ಬೆಳೆಸಿ, 880 ಕೋಟಿ ಡಾಲರ್ ಸೇರಿಸಿ, 2032ರವರೆಗೆ ಎಳೆದರು. ಅಂದರೆ ಈಗ ವರ್ಷಕ್ಕೆ ಸರಾಸರಿ 110 ಕೋಟಿ ಡಾಲರ್. ಮೂರು ವಾರದ ಒಂದು ಟೂರ್ನಿಗೆ ಇಷ್ಟು! 2023ರಲ್ಲಿ ಎನ್‌ಸಿಎಎಯ ಒಟ್ಟು ಆದಾಯವೇ ಸುಮಾರು 130 ಕೋಟಿ ಡಾಲರ್. ಉಳಿದ ಕ್ರೀಡೆಗಳ ಚಾಂಪಿಯನ್‌ಶಿಪ್‌ಗಳು ನಡೆಯುವುದು ಹೆಚ್ಚು ಕಡಿಮೆ ಈ ಮೂರು ವಾರದ ದುಡಿಮೆಯ ಮೇಲೆ. ಈಜು, ಕುಸ್ತಿ, ಓಟ ಎಲ್ಲಕ್ಕೂ ಅನ್ನದಾತ ಬಾಸ್ಕೆಟ್‌ಬಾಲೇ.

ಅಮೆರಿಕದಲ್ಲಿ ಕಾಲೇಜು ಫುಟ್‌ಬಾಲ್ ಇನ್ನೂ ದೊಡ್ಡದು ಅಲ್ವಾ? ಆ ದುಡ್ಡು ಏನಾಯಿತು?

ಅದು ಎನ್‌ಸಿಎಎ ಕೈ ತಪ್ಪಿ ನಲವತ್ತು ವರ್ಷ ದಾಟಿತು. ಯಾವ ಫುಟ್‌ಬಾಲ್ ಪಂದ್ಯ ಟಿವಿಯಲ್ಲಿ ಬರಬೇಕು ಎಂದು ಮೊದಲು ಎನ್‌ಸಿಎಎಯೇ ತೀರ್ಮಾನಿಸುತ್ತಿತ್ತು. ಒಕ್ಲಹೋಮ ಮತ್ತು ಜಾರ್ಜಿಯಾ ವಿಶ್ವವಿದ್ಯಾಲಯಗಳು ಕೋರ್ಟಿಗೆ ಹೋದವು. 1984ರಲ್ಲಿ ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ಅಲ್ಲಿಂದ ಫುಟ್‌ಬಾಲ್ ಹಕ್ಕುಗಳನ್ನು ಕಾಲೇಜುಗಳು, ಕಾನ್ಫರೆನ್ಸ್‌ಗಳು ತಾವೇ ಮಾರಿಕೊಳ್ಳುತ್ತವೆ. ಫುಟ್‌ಬಾಲ್ ಪ್ಲೇಆಫ್‌ನ ದುಡ್ಡೂ ಎನ್‌ಸಿಎಎ ಮೂಲಕ ಹೋಗುವುದಿಲ್ಲ. ಹಾಗಾಗಿ ಎನ್‌ಸಿಎಎಗೆ ಉಳಿದ ಕಾಮಧೇನು ಇದೊಂದೇ.

ಕಾನ್ಫರೆನ್ಸ್ ಅಂದರೆ ಏನು?

ಕಾಲೇಜುಗಳ ಕೂಟ. ಹತ್ತು ಹದಿನೈದು ಕಾಲೇಜುಗಳು ಸೇರಿ ವರ್ಷವಿಡೀ ತಮ್ಮತಮ್ಮಲ್ಲೇ ಆಡಿಕೊಳ್ಳುತ್ತವೆ, ಟಿವಿ ಹಕ್ಕನ್ನು ಒಟ್ಟಿಗೆ ಮಾರುತ್ತವೆ. ಬಿಗ್ ಟೆನ್, ಎಸ್‌ಇಸಿ, ಎಸಿಸಿ, ಬಿಗ್ 12, ಬಿಗ್ ಈಸ್ಟ್ ಇವು ದೊಡ್ಡ ಮನೆತನಗಳು. ಕೆಳಗೆ ಸಣ್ಣಪುಟ್ಟವು ಬೇಕಾದಷ್ಟಿವೆ. ಪ್ರತಿ ಕಾನ್ಫರೆನ್ಸ್‌ನ ಚಾಂಪಿಯನ್‌ಗೆ ಟೂರ್ನಿಯಲ್ಲಿ ಒಂದು ಜಾಗ ಖಾಯಂ. 2025ರಲ್ಲಿ ಹಾಗೆ ಬಂದವರು 31. ಉಳಿದ 37 ತಂಡಗಳನ್ನು ಆಯ್ಕೆ ಸಮಿತಿ ಆರಿಸಿತು. ಹೆಸರು ನೋಡಿ ಮೋಸ ಹೋಗಬೇಡಿ. ಬಿಗ್ ಟೆನ್‌ನಲ್ಲಿ ಈಗ 18 ಕಾಲೇಜುಗಳಿವೆ. ಪೆಸಿಫಿಕ್ ಕಡಲ ಪಕ್ಕದ ಸ್ಟ್ಯಾನ್‌ಫರ್ಡ್, ಬರ್ಕ್ಲಿ ಎರಡೂ ಅಟ್ಲಾಂಟಿಕ್ ಕೋಸ್ಟ್ ಕಾನ್ಫರೆನ್ಸ್‌ನಲ್ಲಿವೆ. ಬೇ ಏರಿಯಾದ ಕನ್ನಡಿಗರಿಗೆ ಇದು ವರ್ಷವಿಡೀ ಸಿಗುವ ಜೋಕು.

ಯೂನಿಟ್, ಯೂನಿಟ್ ಅನ್ನುತ್ತಾರಲ್ಲ, ಏನದು?

ಇಡೀ ವಿಷಯದ ಗುಟ್ಟು ಇಲ್ಲಿದೆ. ಒಂದು ತಂಡ ಟೂರ್ನಿಯಲ್ಲಿ ಒಂದು ಪಂದ್ಯ ಆಡಿದರೆ ಅದರ ಕಾನ್ಫರೆನ್ಸ್‌ಗೆ ಒಂದು ಯೂನಿಟ್. ಗಮನಿಸಿ, ಗೆಲ್ಲಲೇಬೇಕು ಅಂತಿಲ್ಲ, ಆಡಿದರೆ ಸಾಕು. ಗೆದ್ದರೆ ಮುಂದಿನ ಪಂದ್ಯ ಆಡುತ್ತೀರಿ, ಆಗ ಇನ್ನೊಂದು ಯೂನಿಟ್. ಹೀಗೆ ಸೆಮಿಫೈನಲ್‌ವರೆಗೆ.

ಫೈನಲ್‌ಗೆ ಮಾತ್ರ ಯೂನಿಟ್ ಇರಲಿಲ್ಲ. 67 ಪಂದ್ಯ, ಪ್ರತಿಯೊಂದರಲ್ಲಿ ಎರಡು ತಂಡ, ಅಲ್ಲಿಗೆ 134. ಫೈನಲ್‌ನ ಎರಡನ್ನು ಕಳೆದರೆ 132. ವರ್ಷಕ್ಕೆ ಹುಟ್ಟುವ ಯೂನಿಟ್‌ಗಳು ಅಷ್ಟೇ. 64ರ ಸುತ್ತಿನಿಂದ ಶುರು ಮಾಡಿ ಕಪ್ ಎತ್ತಿದ ತಂಡ ಗಳಿಸುವುದು ಐದು ಯೂನಿಟ್. ಸೆಮಿಫೈನಲ್‌ನಲ್ಲಿ ಸೋತ ತಂಡ ಗಳಿಸುವುದೂ ಐದೇ. ದೇಶಕ್ಕೇ ಚಾಂಪಿಯನ್ ಆದ ರಾತ್ರಿ ಈ ಲೆಕ್ಕದಲ್ಲಿ ಒಂದು ಪೈಸೆ ಹೆಚ್ಚುವರಿ ಇಲ್ಲ ಅಂದರೆ ನಂಬೋದು ಕಷ್ಟ, ಆದರೆ ಹಾಗೇ ಇತ್ತು.

ಇನ್ನೊಂದು ಸಣ್ಣ ವಿವರ. ಈಗ ಯೂನಿಟ್ ದುಡ್ಡು ಎರಡು ಡಬ್ಬಿಯಲ್ಲಿದೆ. ಪ್ರತಿ ಕಾನ್ಫರೆನ್ಸ್‌ಗೂ ಖಾಯಂ ಜಾಗದಿಂದ ಸಿಗುವ ಒಂದು ಯೂನಿಟ್ ಒಂದು ಡಬ್ಬಿಯಿಂದ, ಎಲ್ಲರಿಗೂ ಸಮ. ಅದರ ಮೇಲೆ ಆಡಿ ಗಳಿಸಿದ್ದೆಲ್ಲ ಇನ್ನೊಂದರಿಂದ.

ಒಂದು ಯೂನಿಟ್ ಬೆಲೆ ಎಷ್ಟು?

ಸುಮಾರು 20 ಲಕ್ಷ ಡಾಲರ್. ಆದರೆ ಒಟ್ಟಿಗೆ ಕೈಗೆ ಬರುವುದಿಲ್ಲ. ಆರು ವರ್ಷ, ವರ್ಷಕ್ಕೊಂದು ಕಂತು, ಒಂದೊಂದೂ ಮೂರೂ ಕಾಲು, ಮೂರೂವರೆ ಲಕ್ಷ ಡಾಲರ್‌ನ ಆಸುಪಾಸು. ಬೆಲೆ ಕಲ್ಲಿನ ಮೇಲೆ ಕೆತ್ತಿದ್ದಲ್ಲ. ಆ ವರ್ಷ ನಿಧಿಯಲ್ಲಿ ಇಟ್ಟ ಹಣವನ್ನು ಲೆಕ್ಕದಲ್ಲಿರುವ ಎಲ್ಲ ಯೂನಿಟ್‌ಗಳಿಗೆ ಭಾಗಿಸುತ್ತಾರೆ, ಬಂದದ್ದೇ ಆ ವರ್ಷದ ಬೆಲೆ.

ಆರು ವರ್ಷ ಯಾಕೆ ಅಂದರೆ, ಒಂದು ವರ್ಷದ ಅದೃಷ್ಟಕ್ಕೆ ಯಾರೂ ಕುಣಿಯಬಾರದು, ಒಂದು ವರ್ಷದ ಸೋಲಿಗೆ ಯಾರೂ ಮುಳುಗಬಾರದು. ತೆಂಗಿನ ತೋಟ ಇದ್ದವರಿಗೆ ಅರ್ಥವಾಗುತ್ತದೆ. ಈ ವರ್ಷ ಮಳೆ ಕೈಕೊಟ್ಟರೂ ಹಿಂದಿನ ಫಸಲಿನ ಬಾಕಿ ಬರುತ್ತಾ ಇರುತ್ತದೆ.

ಆಡಿ ಗೆದ್ದವರು ಒಬ್ಬರು, ದುಡ್ಡು ಕಾನ್ಫರೆನ್ಸ್‌ಗೆ ಯಾಕೆ?

1990ರವರೆಗೆ ಹೀಗಿರಲಿಲ್ಲ. ಎಷ್ಟು ಸುತ್ತು ದಾಟಿದರೆ ಅಷ್ಟು ದುಡ್ಡು ಅನ್ನುವ ಲೆಕ್ಕವಿತ್ತು. ಕೊನೆಯ ನಾಲ್ಕಕ್ಕೆ ಹೋದವರಿಗೆ ಲಕ್ಷಗಟ್ಟಲೆ ಡಾಲರ್. ಇದರಿಂದ ಏನಾಯಿತು ಅಂದರೆ, ಹತ್ತೊಂಬತ್ತರ ಹುಡುಗನೊಬ್ಬ ಕೊನೇ ಸೆಕೆಂಡಿನಲ್ಲಿ ಫ್ರೀ ಥ್ರೋ ಹಾಕಲು ನಿಂತರೆ ಆ ಒಂದು ಚೆಂಡಿನ ಮೇಲೆ ಲಕ್ಷಾಂತರ ಡಾಲರ್ ತೂಗುತ್ತಿತ್ತು. 1989ರಲ್ಲಿ ಸಿಬಿಎಸ್ ಜೊತೆ ಏಳು ವರ್ಷಕ್ಕೆ 100 ಕೋಟಿ ಡಾಲರ್‌ನ ಒಪ್ಪಂದ ಆಯಿತು. ಇಷ್ಟು ದೊಡ್ಡ ಗಂಟನ್ನು ಹಳೇ ಲೆಕ್ಕದಲ್ಲಿ ಹಂಚಿದರೆ ಅನಾಹುತ ಎಂದು ಗೊತ್ತಾಗಿ, 1991ರಿಂದ ಬಾಸ್ಕೆಟ್‌ಬಾಲ್ ನಿಧಿ ಎಂದು ಮಾಡಿದರು. ದುಡ್ಡು ಕಾನ್ಫರೆನ್ಸ್‌ಗೆ ಹೋಗಬೇಕು, ಕಂತಿನಲ್ಲಿ ಹೋಗಬೇಕು.

ಹುಡುಗನ ತಲೆಯ ಮೇಲಿನ ಭಾರ ನಿಜಕ್ಕೂ ಇಳಿಯಿತೇ? ಪೂರ್ತಿ ಇಳಿಯಲಿಲ್ಲ. ಅಕ್ಕಪಕ್ಕದ ಹತ್ತು ಕಾಲೇಜುಗಳೂ ಈಗ ಅವನ ಮೇಲೇ ಕಣ್ಣು ನೆಟ್ಟು ಕೂತಿವೆ.

ಒಂದು ನಿಜವಾದ ಉದಾಹರಣೆ ಕೊಡಿ.

2022. ನ್ಯೂಜೆರ್ಸಿಯ ಜೆರ್ಸಿ ಸಿಟಿಯಲ್ಲಿರುವ ಸೇಂಟ್ ಪೀಟರ್ಸ್ ಎಂಬ ಪುಟ್ಟ ಜೆಸ್ಯುಟ್ ಕಾಲೇಜು. ತಂಡದ ಹೆಸರು ಪೀಕಾಕ್ಸ್, ಅಂದರೆ ನವಿಲುಗಳು. ಆಡುವ ಜಿಮ್‌ನ ಹೆಸರು ‘ರನ್ ಬೇಬಿ ರನ್ ಅರೀನಾ’. ಸಮಿತಿ ಕೊಟ್ಟಿದ್ದ ಕ್ರಮಾಂಕ 15, ಅಂದರೆ ತನ್ನ ಭಾಗದ 16ರಲ್ಲಿ ಕೊನೆಯಿಂದ ಎರಡನೆಯದು.

ಮೊದಲ ಪಂದ್ಯ ಕೆಂಟಕಿ ವಿರುದ್ಧ. ಬಾಸ್ಕೆಟ್‌ಬಾಲ್ ಅಂದರೆ ಪ್ರಾಣ ಬಿಡುವ ರಾಜ್ಯ, ಕ್ರಮಾಂಕ 2. ಹೆಚ್ಚುವರಿ ಸಮಯಕ್ಕೆ ಹೋಗಿ ನವಿಲುಗಳು ಗೆದ್ದವು. ಆಮೇಲೆ ಮರ‍್ರೆ ಸ್ಟೇಟ್. ಆಮೇಲೆ ಪರ್ಡ್ಯೂ. ಹದಿನೈದನೇ ಕ್ರಮಾಂಕದ ತಂಡ ಕೊನೆಯ ಎಂಟಕ್ಕೆ ಹೋದದ್ದು ಚರಿತ್ರೆಯಲ್ಲೇ ಮೊದಲು. ಅಲ್ಲಿ ನಾರ್ತ್ ಕೆರೊಲಿನಾ ಎದುರು ಸೋತರು.

ಈಗ ಬೆರಳು ಮಡಚಿ. ಕೆಂಟಕಿ ಒಂದು, ಮರ‍್ರೆ ಸ್ಟೇಟ್ ಎರಡು, ಪರ್ಡ್ಯೂ ಮೂರು, ನಾರ್ತ್ ಕೆರೊಲಿನಾ ನಾಲ್ಕು. ನಾಲ್ಕು ಯೂನಿಟ್. ಮೊದಲನೆಯದು ಹೇಗಿದ್ದರೂ ಬರುತ್ತಿತ್ತು. ಬೆವರು ಸುರಿಸಿ ಸೇರಿಸಿದ್ದು ಮೂರು, ಅಂದಾಜು 60 ಲಕ್ಷ ಡಾಲರ್. ಇದು ಹೋದದ್ದು ಸೇಂಟ್ ಪೀಟರ್ಸ್ ಖಾತೆಗಲ್ಲ, ಅದರ ಕಾನ್ಫರೆನ್ಸ್ ಆದ ಎಂಎಎಸಿಗೆ. ಆಗ ಅಲ್ಲಿ 11 ಕಾಲೇಜುಗಳಿದ್ದವು. ಸಮನಾಗಿ ಹಂಚಿದರೆ ನಾಲ್ಕೂ ಯೂನಿಟ್‌ಗೆ ಒಬ್ಬೊಬ್ಬರಿಗೆ ವರ್ಷಕ್ಕೆ ಒಂದು ಲಕ್ಷ ಇಪ್ಪತ್ತು ಸಾವಿರ ಡಾಲರ್ ಚಿಲ್ಲರೆ.

ಇಲ್ಲಿ ನನಗೆ ಹಿಡಿಸುವ ಸಂಗತಿ ಬೇರೆ. ಟೂರ್ನಿ ಮುಗಿದ ಕೆಲವೇ ದಿನದಲ್ಲಿ ಕೋಚ್ ಶಹೀನ್ ಹಾಲೊವೇ ತಾವು ಓದಿದ ಸೀಟನ್ ಹಾಲ್‌ಗೆ ಹೋದರು. ಮೀಸೆಯಿಂದಲೇ ಮನೆಮಾತಾದ ಡಗ್ ಎಡರ್ಟ್ ಬೇರೆ ಕಾಲೇಜು ಸೇರಿದ. ಮುಖ್ಯ ಆಟಗಾರರಲ್ಲಿ ಹಲವರು ಹೊರಟೇ ಹೋದರು. ಕಂತು ಮಾತ್ರ 2028ರವರೆಗೆ ಬರುತ್ತದೆ.

ಹಾಗಾದರೆ ನಮ್ಮನ್ನು ಸೋಲಿಸಿದ ತಂಡ ಗೆಲ್ಲಲಿ ಅಂತ ನಾವೇ ಹಾರೈಸಬೇಕಾ?

ದುಡ್ಡಿನ ಮಟ್ಟಿಗೆ, ಹೌದು. ವರ್ಷವಿಡೀ ಕಚ್ಚಾಡಿದ ದಾಯಾದಿ ಮಾರ್ಚ್‌ನಲ್ಲಿ ಗೆದ್ದರೆ ನಿಮ್ಮ ಮನೆಗೂ ಅಕ್ಕಿ ಬರುತ್ತದೆ.

2023ರ ಕತೆ ಕೇಳಿ. ನಾರ್ತ್‌ಈಸ್ಟ್ ಕಾನ್ಫರೆನ್ಸ್‌ನ ಫೈನಲ್‌ನಲ್ಲಿ ಮೆರಿಮ್ಯಾಕ್ ಕಾಲೇಜು ಫೇರ್ಲಿ ಡಿಕಿನ್ಸನ್ ತಂಡವನ್ನು ಒಂದೇ ಅಂಕದಿಂದ ಸೋಲಿಸಿತು. ಆದರೆ ಮೆರಿಮ್ಯಾಕ್ ಕೆಳಗಿನ ದರ್ಜೆಯಿಂದ ಮೇಲೆ ಬಂದು ಇನ್ನೂ ಕಾಯುವ ಅವಧಿಯಲ್ಲಿತ್ತು, ರಾಷ್ಟ್ರೀಯ ಟೂರ್ನಿಗೆ ಹೋಗುವಂತಿರಲಿಲ್ಲ. ಸೋತವರಿಗೆ ಟಿಕೆಟ್ ಸಿಕ್ಕಿತು. ಅವರು ಹೋಗಿ ಮೊದಲು ಟೆಕ್ಸಸ್ ಸದರ್ನ್ ತಂಡವನ್ನು ಸೋಲಿಸಿದರು. ಎರಡು ದಿನ ಬಿಟ್ಟು, ಕ್ರಮಾಂಕ 1ರ ಪರ್ಡ್ಯೂವನ್ನು 63-58ರಿಂದ ಕೆಡವಿದರು. ಹದಿನಾರನೇ ಕ್ರಮಾಂಕದ ತಂಡ ಒಂದನೆಯದನ್ನು ಸೋಲಿಸಿದ್ದು ಪುರುಷರ ಟೂರ್ನಿಯಲ್ಲಿ ಅದು ಎರಡನೇ ಸಲ. ಮುಂದಿನ ಸುತ್ತಿನಲ್ಲಿ ಫ್ಲಾರಿಡಾ ಅಟ್ಲಾಂಟಿಕ್ ಎದುರು ಸೋತರೂ ಕಾನ್ಫರೆನ್ಸ್‌ಗೆ ಮೂರು ಯೂನಿಟ್ ಬಂದಿತ್ತು. ಒಂದು ಅಂಕದಿಂದ ಸೋತವರು ಗಳಿಸಿದ ದುಡ್ಡು ಗೆದ್ದವರೂ ಇದ್ದ ಮನೆಗೇ ಬಂತು.

ಕಾನ್ಫರೆನ್ಸ್ ಒಳಗೆ ಪಾಲು ಹೇಗೆ?

ಎನ್‌ಸಿಎಎ ಹೇಳುವುದು ಸಮಪಾಲು ಮಾಡಿ ಎಂದು. ಅದು ಸಲಹೆ ಮಾತ್ರ, ಕಟ್ಟಪ್ಪಣೆಯಲ್ಲ. ಬಹಳಷ್ಟು ಕಾನ್ಫರೆನ್ಸ್‌ಗಳು ಆಫೀಸ್ ಖರ್ಚು ತೆಗೆದು ಉಳಿದದ್ದನ್ನು ಸಮನಾಗಿ ಹಂಚುತ್ತವೆ. ಕೆಲವು ಕಡೆ ಗಳಿಸಿದ ತಂಡಕ್ಕೆ ಒಂದು ತುತ್ತು ಜಾಸ್ತಿ.

ಜಗಳ ಹುಟ್ಟುವುದೂ ಇಲ್ಲೇ. ವಾಷಿಂಗ್ಟನ್ ರಾಜ್ಯದ ಸ್ಪೋಕೇನ್ ಊರಿನ ಗೊಂಜಾಗ ವಿಶ್ವವಿದ್ಯಾಲಯವನ್ನೇ ನೋಡಿ. 1999ರಿಂದ ಟೂರ್ನಿ ತಪ್ಪಿಸಿಕೊಂಡದ್ದೇ ಇಲ್ಲ. 2017 ಮತ್ತು 2021ರಲ್ಲಿ ಫೈನಲ್ ಆಡಿತು. ವೆಸ್ಟ್ ಕೋಸ್ಟ್ ಕಾನ್ಫರೆನ್ಸ್‌ನ ಉಳಿದ ಕಾಲೇಜುಗಳಲ್ಲಿ ಹೆಚ್ಚಿನವು ಮಾರ್ಚ್‌ನಲ್ಲಿ ಮನೆಯಲ್ಲೇ ಕೂತು ಟಿವಿ ನೋಡುತ್ತಿದ್ದವು. ದುಡಿಯುವ ಅಣ್ಣ ಒಬ್ಬ, ಉಣ್ಣುವ ತಮ್ಮಂದಿರು ಒಂಬತ್ತು. 2018ರಲ್ಲಿ ಗೊಂಜಾಗ ಮೌಂಟನ್ ವೆಸ್ಟ್ ಕಾನ್ಫರೆನ್ಸ್ ಜೊತೆ ಮಾತುಕತೆಗೆ ಕೂತಿತು. ಕೂಡಲೇ ವೆಸ್ಟ್ ಕೋಸ್ಟ್‌ನವರು ನಿಯಮ ಬದಲಿಸಿ, ಯೂನಿಟ್ ಗಳಿಸಿದ ತಂಡಕ್ಕೆ ಹೆಚ್ಚು ಪಾಲು ಎಂದರು. ಗೊಂಜಾಗ ಉಳಿಯಿತು. ಕೊನೆಗೂ 2024ರಲ್ಲಿ, 2026ರಿಂದ ಪ್ಯಾಕ್-12 ಎಂಬ ಕಾನ್ಫರೆನ್ಸ್‌ಗೆ ಹೋಗುತ್ತೇವೆ ಎಂದು ಹೇಳಿಯೇ ಬಿಟ್ಟಿತು. ಅಣ್ಣ ಬೇರೆ ಮನೆ ಮಾಡಿದ.

ದೊಡ್ಡ ಕಾನ್ಫರೆನ್ಸ್‌ಗಳಿಗೆ ಎಷ್ಟು ಸಿಗುತ್ತದೆ?

2025ರಲ್ಲಿ ಎಸ್‌ಇಸಿ 14 ತಂಡ ಕಳಿಸಿತು, ಅದು ದಾಖಲೆ. ಒಂದು ತಂಡ ಮೊದಲ ನಾಲ್ಕರ ಸುತ್ತಿನಲ್ಲೇ, ಅಂದರೆ 68 ತಂಡಗಳನ್ನು 64ಕ್ಕೆ ಇಳಿಸುವ ಆರಂಭದ ನಾಲ್ಕು ಪಂದ್ಯಗಳಲ್ಲೇ, ಹೋಯಿತು: 1. ಮುಂದೆ 13 ತಂಡ, ಆಮೇಲೆ 8, ಆಮೇಲೆ 7, ಆಮೇಲೆ 4, ಸೆಮಿಫೈನಲ್‌ಗೆ 2. ಕೂಡಿಸಿದರೆ 35. ಒಂದು ವರ್ಷದ 132 ಯೂನಿಟ್‌ಗಳಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಒಂದೇ ಮನೆಗೆ. ಹೆಚ್ಚು ಕಡಿಮೆ 7 ಕೋಟಿ ಡಾಲರ್. ಕಪ್ ಗೆದ್ದ ಫ್ಲಾರಿಡಾವೂ ಅವರದೇ.

ಆದರೆ 16 ಕಾಲೇಜು, ಆರು ವರ್ಷ ಎಂದು ಭಾಗಿಸಿದರೆ ಒಬ್ಬರಿಗೆ ವರ್ಷಕ್ಕೆ ಏಳೂ ಕಾಲು ಲಕ್ಷ ಡಾಲರ್ ಆಗುತ್ತದೆ. ಫುಟ್‌ಬಾಲ್, ಟಿವಿ ಎಲ್ಲ ಸೇರಿ ಎಸ್‌ಇಸಿ ತನ್ನ ಒಂದೊಂದು ಕಾಲೇಜಿಗೆ ವರ್ಷಕ್ಕೆ 5 ಕೋಟಿ ಡಾಲರ್‌ಗೂ ಜಾಸ್ತಿ ಕೊಡುತ್ತದೆ. ಅಂದರೆ ಅವರಿಗೆ ಈ ದುಡ್ಡು ಊಟದಲ್ಲಿ ಉಪ್ಪಿನಕಾಯಿ. ಸಣ್ಣ ಕಾನ್ಫರೆನ್ಸ್‌ಗೆ ಇದೇ ಅನ್ನ ಸಾರು. ಒಂದೇ ಯೂನಿಟ್ ಎರಡು ಮನೆಯಲ್ಲಿ ಎರಡು ತೂಕ.

ಯೂನಿಟ್ ಗಳಿಸಿದ ಕಾಲೇಜು ಕಾನ್ಫರೆನ್ಸ್ ಬಿಟ್ಟು ಹೋದರೆ?

ಬರಿಗೈಯಲ್ಲಿ ಹೋಗಬೇಕು. ಯೂನಿಟ್ ಹಳೇ ಮನೆಯಲ್ಲೇ ಉಳಿಯುತ್ತದೆ.

2018ರಲ್ಲಿ ಶಿಕಾಗೋದ ಲೊಯೊಲಾ ಕೊನೆಯ ನಾಲ್ಕಕ್ಕೆ ಹೋಯಿತು. ಗಾಲಿಕುರ್ಚಿಯಲ್ಲಿ ಕೂತು ತಂಡವನ್ನು ಹರಸುತ್ತಿದ್ದ 98 ವರ್ಷದ ಸಿಸ್ಟರ್ ಜೀನ್ ನೆನಪಿರಬಹುದು. ಐದು ಯೂನಿಟ್ ಮಿಸೌರಿ ವ್ಯಾಲಿ ಕಾನ್ಫರೆನ್ಸ್‌ಗೆ. 2022ರಲ್ಲಿ ಲೊಯೊಲಾ ಅಟ್ಲಾಂಟಿಕ್ 10ಕ್ಕೆ ಹಾರಿತು. ಆ ಐದು ಯೂನಿಟ್‌ನ ಕಂತು 2024ರವರೆಗೆ ಬಂದದ್ದು ಮಿಸೌರಿ ವ್ಯಾಲಿಗೇ. ಬಟ್ಲರ್, ಜಾರ್ಜ್ ಮೇಸನ್, ವಿಸಿಯು ಎಲ್ಲರದೂ ಇದೇ ಕತೆ. ಸಣ್ಣ ಮನೆಯಲ್ಲಿ ಹೆಸರು ಮಾಡು, ದೊಡ್ಡ ಮನೆಗೆ ಹೋಗು, ಬುತ್ತಿ ಬಿಟ್ಟು ಹೋಗು.

ಎಲ್ಲಕ್ಕಿಂತ ವಿಚಿತ್ರ ಪ್ಯಾಕ್-12ರದು. 2021ರಲ್ಲಿ ಅವರಿಗೆ ಹಬ್ಬ. ನಾಲ್ಕು ತಂಡ ಕೊನೆಯ ಹದಿನಾರಕ್ಕೆ, ಮೂರು ಕೊನೆಯ ಎಂಟಕ್ಕೆ. ಲಾಸ್ ಏಂಜಲಿಸ್‌ನ ಯುಸಿಎಲ್‌ಎ ಮೊದಲ ನಾಲ್ಕರ ಸುತ್ತಿನಿಂದ ಹೊರಟು ಸೆಮಿಫೈನಲ್ ತಲುಪಿತು, ಆಡಿದ್ದು ಆರು ಪಂದ್ಯ. 12ನೇ ಕ್ರಮಾಂಕದ ಆರೆಗನ್ ಸ್ಟೇಟ್ ಕೊನೆಯ ಎಂಟಕ್ಕೆ ಬಂತು. ಈ ಯೂನಿಟ್‌ಗಳ ಕಂತು 2027ರವರೆಗೆ.

ಅಷ್ಟರಲ್ಲಿ ಮನೆಯೇ ಒಡೆಯಿತು. 2024ರ ಬೇಸಿಗೆಯಲ್ಲಿ ಹನ್ನೆರಡರಲ್ಲಿ ಹತ್ತು ಕಾಲೇಜುಗಳು ಹೊರಟವು. ನಾಲ್ಕು ಬಿಗ್ ಟೆನ್‌ಗೆ, ನಾಲ್ಕು ಬಿಗ್ 12ಗೆ, ಎರಡು ಎಸಿಸಿಗೆ. ಹಿಂದೆ ಉಳಿದದ್ದು ಆರೆಗನ್ ಸ್ಟೇಟ್, ವಾಷಿಂಗ್ಟನ್ ಸ್ಟೇಟ್ ಎರಡೇ. ಮನೆಯ ಯಜಮಾನಿಕೆ ಯಾರದು ಎಂದು ಕೋರ್ಟಿಗೆ ಹೋಯಿತು. 2023ರ ಡಿಸೆಂಬರ್‌ನಲ್ಲಿ ವಾಷಿಂಗ್ಟನ್ ರಾಜ್ಯದ ಸುಪ್ರೀಂ ಕೋರ್ಟ್ ಕೆಳಗಿನ ಕೋರ್ಟಿನ ಆದೇಶಕ್ಕೆ ಕೈ ಹಾಕುವುದಿಲ್ಲ ಎಂದಿತು. ಉಳಿದ ಇಬ್ಬರ ಕೈಗೇ ಬೀಗದ ಕೈ. ಆಮೇಲೆ ಹೋಗುವವರ ಜೊತೆ ರಾಜಿಯಾಯಿತು. ಯುಸಿಎಲ್‌ಎ ಹುಡುಗರು ಆಡಿ ಗಳಿಸಿದ್ದು ಈಗ ಅವರಿಲ್ಲದ ಕಾನ್ಫರೆನ್ಸ್‌ನ ಪಾಲು. ಆಸ್ತಿ ಭಾಗದ ವ್ಯಾಜ್ಯ ನೋಡಿ ಬೆಳೆದ ನಮಗೆ ಇದರಲ್ಲಿ ಹೊಸತೇನಿಲ್ಲ ಬಿಡಿ.

ಟೂರ್ನಿಗೇ ಹೋಗದ ಕಾಲೇಜಿಗೆ ಏನೂ ಇಲ್ವಾ?

ಇದೆ. ಯೂನಿಟ್ ಹಣ ಒಟ್ಟು ಹಂಚಿಕೆಯ ಒಂದು ಭಾಗ ಮಾತ್ರ. ಎಷ್ಟು ಸ್ಕಾಲರ್‌ಶಿಪ್ ಕೊಡುತ್ತೀರಿ, ಎಷ್ಟು ಕ್ರೀಡೆ ನಡೆಸುತ್ತೀರಿ ಎನ್ನುವುದನ್ನು ನೋಡಿ ಕೊಡುವ ನಿಧಿಗಳಿವೆ. ಆಟಗಾರರ ಓದಿಗೆ ನೆರವಾಗುವ ಟ್ಯೂಷನ್, ಕಂಪ್ಯೂಟರ್ ಇಂಥವಕ್ಕೆ ಪ್ರತಿ ಡಿವಿಷನ್ 1 ಕಾಲೇಜಿಗೂ ಸಮನಾದ ಮೊತ್ತವಿದೆ. ಕಷ್ಟದಲ್ಲಿರುವ ಆಟಗಾರರಿಗೆ ಊರಿಗೆ ಹೋಗಿ ಬರುವ ಟಿಕೆಟ್, ಬಟ್ಟೆಬರೆಗೆ ಇನ್ನೊಂದು ನಿಧಿ. 2020ರಿಂದ, ಆಟಗಾರರು ಚೆನ್ನಾಗಿ ಓದಿ ಡಿಗ್ರಿ ಮುಗಿಸಿದ ಕಾಲೇಜುಗಳಿಗೂ ಪಾಲಿದೆ. ಟೂರ್ನಿಗೆ ಹೋದ ತಂಡದ ಪ್ರಯಾಣ, ಊಟ, ವಸತಿಯ ಖರ್ಚು ಬೇರೆಯೇ, ಅದನ್ನು ಎನ್‌ಸಿಎಎ ನೋಡಿಕೊಳ್ಳುತ್ತದೆ.

2020ರಲ್ಲಿ ಟೂರ್ನಿಯೇ ನಡೆಯಲಿಲ್ಲ. ಆಗ?

ಮಾರ್ಚ್ 12ರಂದು ರದ್ದು ಎಂದರು. ಆ ವರ್ಷ ಸುಮಾರು 60 ಕೋಟಿ ಡಾಲರ್ ಹಂಚಬೇಕಿತ್ತು, 22.5 ಕೋಟಿಗೆ ಇಳಿಸಿದರು. ವಿಮೆಯಿಂದ 27 ಕೋಟಿ ಬಂದದ್ದರಿಂದ ಅಷ್ಟಾದರೂ ಆಯಿತು. ಆ ವರ್ಷ ಹಲವು ಕಾಲೇಜುಗಳು ಟೆನಿಸ್, ಈಜು ತಂಡಗಳನ್ನೇ ಮುಚ್ಚಿದವು.

ಮಹಿಳೆಯರ ಟೂರ್ನಿಗೂ ಯೂನಿಟ್ ಇದೆಯಾ?

2025ರಿಂದ ಇದೆ. ಅಲ್ಲಿಯವರೆಗೆ ಸೊನ್ನೆ. ಹುಡುಗಿಯರು ಎಷ್ಟೇ ಗೆದ್ದರೂ ಅವರ ಕಾನ್ಫರೆನ್ಸ್‌ಗೆ ಯೂನಿಟ್ ಲೆಕ್ಕದಲ್ಲಿ ಒಂದು ಡಾಲರೂ ಬರುತ್ತಿರಲಿಲ್ಲ. ಕಾಲೇಜಿನ ಲೆಕ್ಕಪತ್ರ ನೋಡುವವನಿಗೆ ಹುಡುಗರ ತಂಡ ಬಂಡವಾಳ, ಹುಡುಗಿಯರ ತಂಡ ಖರ್ಚು ಎಂದು ಕಾಣುವುದಕ್ಕೆ ಇಷ್ಟು ಸಾಕು.

2021ರಲ್ಲಿ ಸೆಡೋನಾ ಪ್ರಿನ್ಸ್ ಎಂಬ ಆಟಗಾರ್ತಿ ಒಂದು ಚಿಕ್ಕ ವಿಡಿಯೊ ಹಾಕಿದಳು. ಹುಡುಗರಿಗೆ ದೊಡ್ಡ ಹಾಲ್ ತುಂಬ ವ್ಯಾಯಾಮದ ಸಾಮಾನು, ಹುಡುಗಿಯರಿಗೆ ಒಂದು ಮೂಲೆಯಲ್ಲಿ ಡಂಬೆಲ್‌ಗಳ ಒಂದು ಸ್ಟ್ಯಾಂಡ್. ದೇಶವೇ ನೋಡಿತು. ಎನ್‌ಸಿಎಎ ಹೊರಗಿನ ವಕೀಲರಿಂದ ತನಿಖೆ ಮಾಡಿಸಬೇಕಾಯಿತು, ವರದಿ ದುಡ್ಡಿನ ಹಂಚಿಕೆಯತ್ತಲೂ ಬೆರಳು ತೋರಿಸಿತು. 2024ರಲ್ಲಿ ಮಹಿಳೆಯರ ಫೈನಲ್‌ಗೆ ಪುರುಷರ ಫೈನಲ್‌ಗಿಂತ ಜಾಸ್ತಿ ವೀಕ್ಷಕರು ಬಂದರು, ಅದೂ ಮೊದಲ ಸಲ. 2025ರ ಜನವರಿಯಲ್ಲಿ ಮತಕ್ಕೆ ಹಾಕಿದಾಗ ಒಬ್ಬರೂ ಬೇಡ ಎನ್ನಲಿಲ್ಲ. ಮೊದಲ ವರ್ಷ 1.5 ಕೋಟಿ ಡಾಲರ್, ಮೂರನೇ ವರ್ಷಕ್ಕೆ 2.5 ಕೋಟಿ. ಹುಡುಗರ ನಿಧಿಯ ಮುಂದೆ ಇದು ಚಿಕ್ಕದು. ಆದರೂ ಲೆಕ್ಕದ ಪುಸ್ತಕದಲ್ಲಿ ಆ ಕಾಲಂ ಈಗ ಖಾಲಿಯಿಲ್ಲ.

ಆಡುವ ಹುಡುಗರಿಗೆ ಎಷ್ಟು?

ಯೂನಿಟ್‌ನಿಂದ ನೇರವಾಗಿ ಏನೂ ಇಲ್ಲ. ದಶಕಗಳ ಕಾಲ ಸ್ಕಾಲರ್‌ಶಿಪ್ ಬಿಟ್ಟು ಬೇರೇನೂ ಇರಲಿಲ್ಲ. 2021ರ ಜುಲೈಯಿಂದ ತಮ್ಮ ಹೆಸರು, ಮುಖ ಬಳಸುವ ಜಾಹೀರಾತುಗಳಿಂದ ಗಳಿಸಬಹುದು ಎಂದಾಯಿತು. 2025ರ ಜೂನ್‌ನಲ್ಲಿ ನ್ಯಾಯಾಧೀಶೆ ಕ್ಲಾಡಿಯಾ ವಿಲ್ಕನ್, ಆಟಗಾರರು ಎನ್‌ಸಿಎಎ ಮೇಲೆ ಹೂಡಿದ್ದ ‘ಹೌಸ್’ ಎಂಬ ಪ್ರಕರಣದ ರಾಜಿ ಒಪ್ಪಿದರು. ಈಗ ಕಾಲೇಜುಗಳೇ ಆಟಗಾರರಿಗೆ ನೇರ ದುಡ್ಡು ಕೊಡಬಹುದು, ಎಲ್ಲ ಕ್ರೀಡೆಗಳಿಗೂ ಸೇರಿ 2025-26ರಲ್ಲಿ ಅದರ ಮಿತಿ 2.05 ಕೋಟಿ ಡಾಲರ್. ಕೊಡಲೇಬೇಕು ಅಂತಿಲ್ಲ.

ಅದೇ ರಾಜಿಯಲ್ಲಿ ಹಳೇ ಆಟಗಾರರಿಗೆ ಹತ್ತು ವರ್ಷದಲ್ಲಿ ಸುಮಾರು 280 ಕೋಟಿ ಡಾಲರ್ ಪರಿಹಾರವಿದೆ. ಅದರ ಒಂದು ದೊಡ್ಡ ಪಾಲನ್ನು ಎನ್‌ಸಿಎಎ ಇದೇ ಹಂಚಿಕೆಯಿಂದ ಕಡಿತ ಮಾಡಿ ಕಟ್ಟುತ್ತದೆ. ಮೊಕದ್ದಮೆ ನಡೆದದ್ದು ಹೆಚ್ಚಾಗಿ ದೊಡ್ಡ ಕಾನ್ಫರೆನ್ಸ್‌ಗಳ ಆಟಗಾರರ ದುಡ್ಡಿನ ಮೇಲೆ, ಕಂತು ಕಟ್ಟುವುದರಲ್ಲಿ ನಾವೂ ಯಾಕೆ ಎಂದು ಸಣ್ಣ ಕಾನ್ಫರೆನ್ಸ್‌ಗಳು ಗೊಣಗಿದವು. ಗೊಣಗಿದ್ದರಲ್ಲಿ ತಪ್ಪಿಲ್ಲ ಎಂದು ನನಗನ್ನಿಸುತ್ತದೆ.

ವಿದ್ಯಾರ್ಥಿ ವೀಸಾದಲ್ಲಿ ಬಂದು ಆಡುವ ವಿದೇಶಿ ಹುಡುಗರಿಗೆ ಇದೂ ಕಷ್ಟ. ಆ ವೀಸಾದಲ್ಲಿ ಕೆಲಸ ಮಾಡಿ ಗಳಿಸುವುದಕ್ಕೆ ಬಿಗಿ ಮಿತಿಗಳಿವೆ.

ಮಗಳು ಓದುವ ಕಾಲೇಜು ಟೂರ್ನಿಯಲ್ಲಿ ಗೆದ್ದಿತು. ಫೀಸು ಕಡಿಮೆ ಆಗುತ್ತಾ?

ಇಲ್ಲ. ಈ ಪ್ರಶ್ನೆ ಮೈಸೂರಿನಿಂದ ನಮ್ಮ ಸೋದರಮಾವ ಫೋನ್ ಮಾಡಿ ಕೇಳಿದ್ದು, ಕೇಳಿದ ದನಿಯಲ್ಲಿ ಆಸೆ ಇತ್ತು. ಪಾಪ. ನಿಜ ಹೇಳಬೇಕೆಂದರೆ ಬಹಳಷ್ಟು ಕಾಲೇಜುಗಳಲ್ಲಿ ಉಲ್ಟಾ. ಕ್ರೀಡಾ ವಿಭಾಗ ತನ್ನ ಖರ್ಚು ತಾನೇ ದುಡಿಯುವುದಿಲ್ಲ, ಆದ್ದರಿಂದ ವಿದ್ಯಾರ್ಥಿಗಳ ಫೀಸಿನಲ್ಲೇ ಕ್ರೀಡಾ ಶುಲ್ಕ ಎಂದು ಒಂದು ಸಾಲು ಇರುತ್ತದೆ. ಸೆಮಿಸ್ಟರ್ ಬಿಲ್ ತೆರೆದು ನೋಡಿ. ಗೆದ್ದ ವರ್ಷ ಅರ್ಜಿಗಳು ಜಾಸ್ತಿ ಬರುವುದುಂಟು. ಟಿ ಶರ್ಟ್ ಖಾಲಿಯಾಗುತ್ತವೆ.

ಐಪಿಎಲ್ ಹಾಗೆಯೇ ಅಲ್ವಾ ಇದು?

ಸ್ವಲ್ಪ. ಐಪಿಎಲ್‌ನಲ್ಲೂ ಬಿಸಿಸಿಐ ಪ್ರಸಾರದ ಹಕ್ಕು ಒಟ್ಟಿಗೆ ಮಾರಿ, ಬಂದದ್ದರಲ್ಲಿ ಫ್ರಾಂಚೈಸಿಗಳಿಗೆ ಪಾಲು ಕೊಡುತ್ತದೆ. 2023ರಿಂದ 2027ರ ಹಕ್ಕು ₹48,390 ಕೋಟಿಗೆ ಹೋಯಿತು. ಆದರೆ ಅಲ್ಲಿ ಪಾಲು ನೇರ ತಂಡಕ್ಕೆ, ತಂಡಕ್ಕೆ ಮಾಲೀಕರಿದ್ದಾರೆ, ಆಟಗಾರರಿಗೆ ಹರಾಜಿನ ಬೆಲೆ ಇದೆ. ಚೆನ್ನೈ ಕಪ್ ಗೆದ್ದ ವರ್ಷ ಬೆಂಗಳೂರಿಗೆ ಆರು ವರ್ಷ ಕಂತು ಬರುವಂತಿದ್ದರೆ ನಮ್ಮ ಹುಡುಗರು ಏನು ಮಾಡುತ್ತಿದ್ದರೋ!

ಈ ಲೆಕ್ಕ ಗೊತ್ತಿದ್ದು ಪಂದ್ಯ ನೋಡುವುದಾದರೆ ಯಾವುದನ್ನು ನೋಡಲಿ?

ಎಲ್ಲರೂ ಬಿಡುವ ಪಂದ್ಯವನ್ನು. ಟೂರ್ನಿಯ ಮೊದಲ ಎರಡು ರಾತ್ರಿ ಒಹಾಯೊದ ಡೇಟನ್ ಊರಿನಲ್ಲಿ ನಾಲ್ಕು ಪಂದ್ಯ ನಡೆಯುತ್ತವೆ. ಮೊದಲ ನಾಲ್ಕರ ಸುತ್ತು ಎಂದರೆ ಇದೇ. ಆಫೀಸಿನ ಬ್ರಾಕೆಟ್‌ಗಳಲ್ಲಿ ಇವಕ್ಕೆ ಲೆಕ್ಕವೇ ಇರುವುದಿಲ್ಲ. ಇವುಗಳಲ್ಲಿ ಎರಡು ಪಂದ್ಯ 16ನೇ ಕ್ರಮಾಂಕದವರ ನಡುವೆ. ಗೆದ್ದವರಿಗೆ ಎರಡೇ ದಿನದಲ್ಲಿ ದೇಶದ ಅತಿ ಬಲಿಷ್ಠ ತಂಡವೊಂದರ ಎದುರು ಒದೆ ತಿನ್ನುವ ಭಾಗ್ಯ.

ಆದರೆ ಎದುರು ನಿಂತರೆ ಸಾಕು, ಇನ್ನೊಂದು ಯೂನಿಟ್. ಹ್ಯೂಸ್ಟನ್‌ನ ಟೆಕ್ಸಸ್ ಸದರ್ನ್ ಕರಿಯರಿಗಾಗಿ ಹುಟ್ಟಿದ ವಿಶ್ವವಿದ್ಯಾಲಯ. ಅದಿರುವ ಕಾನ್ಫರೆನ್ಸ್ ಎಸ್‌ಡಬ್ಲ್ಯುಎಸಿ, ಅಲ್ಲಿರುವುದೆಲ್ಲ ಅಂಥವೇ, ಯಾರ ಹತ್ತಿರವೂ ಹಣದ ಹೊಳೆ ಇಲ್ಲ. 2018ರಲ್ಲಿ, 2021ರಲ್ಲಿ, 2022ರಲ್ಲಿ ಟೆಕ್ಸಸ್ ಸದರ್ನ್ ಈ ಸುತ್ತನ್ನು ಗೆದ್ದಿತು. ಮೂರು ಸಲವೂ ಮುಂದಿನ ಪಂದ್ಯದಲ್ಲಿ ಸೋತಿತು. ಪತ್ರಿಕೆಗಳಲ್ಲಿ ಒಂದು ಸಾಲು ಬಂದಿದ್ದರೆ ಹೆಚ್ಚು. ಅಚ್ಚರಿಯ ತಂಡ ಯಾವುದು, ಕಪ್ ಯಾರದು ಎಂದು ಮಾತಾಡುವ ಯಾರಿಗೂ ಅದು ನೆನಪಿಲ್ಲ. ಅಲಬಾಮಾ, ಮಿಸಿಸಿಪಿ, ಲೂಯಿಸಿಯಾನಾದ ಅದರ ಎದುರಾಳಿ ಕಾಲೇಜುಗಳ ಲೆಕ್ಕದ ಗುಮಾಸ್ತರಿಗೆ ಮಾತ್ರ ಗೊತ್ತಿರುತ್ತದೆ, 2022ರ ಆ ಗೆಲುವಿನ ಕೊನೇ ಕಂತು 2028ಕ್ಕೆ.